ಬಿಡುಗಡೆಗೆ ಮುಂಚಿನ ಪ್ರತಿ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಪ್ರತಿವರ್ಷವೂ ಈ ವೇದಿಕೆಯ ಮೇಲೆ ಸಾಹಿತ್ಯವನ್ನು ಕುರಿತೋ ನಾಡಿನ ಇತಿಹಾಸವನ್ನು ಕುರಿತೋ ಬಲ್ಲವರು ಮಾತನಾಡುವುದು ರೂಢಿ. ಈ ಸಲ ಕಾರ್ಯದರ್ಶಿಗಳು ಅದೇಕೋ ನಮ್ಮನ್ನು ಹಿಡಿದರು. ನಾವು ಸಾಹಿತಿಗಳಲ್ಲ. ಶಂಕಗಿರಿಯ ಲಾರಿ ಆಫೀಸೊಂದರಲ್ಲಿ ಬಾಡಿಗೆಯ ಲೆಕ್ಕ, ಡೀಸೆಲಿನ ಲೆಕ್ಕ, ಡ್ರೈವರುಗಳ ಬತ್ತದ ಲೆಕ್ಕ ಬರೆಯುತ್ತ ತಲೆ ನರೆಸಿಕೊಂಡವರು. ಆ ಲೆಕ್ಕದ ಕಾಟ ತಾಳಲಾರದೆ ನಡುವಯಸ್ಸಿನಲ್ಲಿ ಗಣಕಯಂತ್ರಕ್ಕೆ ಕ್ರಮವಿಧಿ ಬರೆಯುವ ವಿದ್ಯೆಯನ್ನು ಅಷ್ಟಿಷ್ಟು ಸ್ವಂತವಾಗಿ ಕಲಿತೆವು. ನಮಗಿರುವ ಬಂಡವಾಳ ಅಷ್ಟೇ. ಆದುದರಿಂದ ನಾವು ಕಂಡದ್ದನ್ನೇ, ಅಂದರೆ ಕ್ರಮವಿಧಿ ಬರೆಯುವ ಹೊಸ ಉಪಕರಣವೊಂದನ್ನು ಅದು ಬಿಡುಗಡೆಯಾಗುವ ಮೊದಲೇ 2024ರ ಬೇಸಿಗೆಯಲ್ಲಿ ನಮ್ಮ ಸಂಘದ ಹಿಂದಿನ ಕೋಣೆಯಲ್ಲಿ ಪರೀಕ್ಷಿಸಿ ನೋಡಿದ ಸಂಗತಿಯನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಉಪಕರಣವೆಂದರೆ ಏನು ಎಂಬುದನ್ನು ಮೊದಲು ಹೇಳಬೇಕು. ಇಲ್ಲಿ ಕುಳಿತಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಗ್ಗದ ಮನೆಯವರು; ಆದುದರಿಂದ ಕೆಲಸ ಸುಲಭ. ತಮ್ಮ ಕೈಯಲ್ಲಿರುವ ಫೋನಿನಲ್ಲಿ ಹಣ ಕಳುಹಿಸುವ, ರೈಲಿನ ಟಿಕೇಟು ಕೊಳ್ಳುವ ತಂತ್ರಾಂಶಗಳಿವೆಯಲ್ಲವೆ, ಅವು ಸೀರೆಗಳು. ಆ ಸೀರೆಯನ್ನು ನೇಯುವುದಕ್ಕೆ ಬೇಕಾದ ಮಗ್ಗವೇ ಈ ಉಪಕರಣ. ಅದರ ಒಳಗೆ ಕುಳಿತು ಒಬ್ಬನು ಅಪ್ಪಣೆಗಳನ್ನು ಸಾಲುಸಾಲಾಗಿ ಬರೆಯುತ್ತಾನೆ. ಉಪಕರಣವು ಅವನ್ನು ಓದಿ ಯಂತ್ರದಿಂದ ಕೆಲಸ ಮಾಡಿಸುತ್ತದೆ. ಸೀರೆಯಲ್ಲಿ ದೋಷವಿದ್ದರೆ ಒಂದು ಸೀರೆ ಕೆಟ್ಟಿತು. ಮಗ್ಗದಲ್ಲಿಯೇ ದೋಷವಿದ್ದರೆ ಅದರಿಂದ ಇಳಿಯುವ ಪ್ರತಿಯೊಂದು ಸೀರೆಯೂ ಕೆಡುತ್ತದೆ.

ಈ ಹೋಲಿಕೆ ನಮ್ಮ ಕಲ್ಪನೆಯೇನೂ ಅಲ್ಲ. ಫ್ರಾನ್ಸಿನ ಜಕಾರ್ಡ್ ಎಂಬಾತ 1804ರ ಸುಮಾರಿಗೆ ರೂಪಿಸಿದ ಯಂತ್ರವನ್ನು ಇಂದಿಗೂ ಎಡಪ್ಪಾಡಿ, ಇಳಂಪಿಳ್ಳೈ ಕಡೆಯ ಮಗ್ಗಗಳ ನೆತ್ತಿಯ ಮೇಲೆ ತಾವು ಕಾಣಬಹುದು. ನಾವೆಲ್ಲ ಅಟ್ಟೆಯೆಂದು ಕರೆಯುವ ಆ ತೂತಿನ ರಟ್ಟುಗಳೇ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಹೇಳುತ್ತವೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಎಂಬ ಗಣಿತಜ್ಞನು 1830ರ ದಶಕದಲ್ಲಿ ತನ್ನ ಗಣನಯಂತ್ರಕ್ಕೆ ಅಪ್ಪಣೆ ಕೊಡುವ ಬಗೆಯನ್ನು ಯೋಚಿಸಿದಾಗ ಈ ರಟ್ಟುಗಳನ್ನೇ ಎರವಲು ಪಡೆದನು. ಗಣಕಯಂತ್ರದ ವಂಶಾವಳಿಯಲ್ಲಿ ನೇಕಾರನೂ ಒಬ್ಬ ಪೂರ್ವಿಕನೆಂಬುದು ನಮ್ಮ ಹುಡುಗರಿಗೆ ತಿಳಿದಿರಲಿ. ಒಂದು ಅಟ್ಟೆಯಲ್ಲಿ ಒಂದು ತೂತು ತಪ್ಪಿದರೆ ಸೆರಗಿನ ಹೂವು ಪ್ರತಿಸಲವೂ ಅದೇ ಎಡೆಯಲ್ಲಿ ಮುರಿಯುತ್ತದೆ. ಅದಕ್ಕಾಗಿಯೇ ಜಾಣ ನೇಕಾರನು ಪೂರ್ತಿ ಹಾಸು ಹೂಡುವ ಮೊದಲು ಒಂದು ಮೊಳ ನೇಯ್ದು ನೋಡುತ್ತಾನೆ.

ತಂತ್ರಾಂಶದವರೂ ಅದನ್ನೇ ಮಾಡುತ್ತಾರೆ. ಹೊಸದೊಂದನ್ನು ಬಿಡುಗಡೆ ಮಾಡುವ ಮುನ್ನ ಅದರ ಪ್ರಯೋಗಪ್ರತಿಯನ್ನು, ಅವರ ಮಾತಿನಲ್ಲಿ ಬೀಟಾ ಆವೃತ್ತಿಯನ್ನು, ಬಯಸಿದವರಿಗೆ ಕೊಟ್ಟು ತಪ್ಪು ಕಂಡರೆ ತಿಳಿಸಿರೆಂದು ಕೇಳಿಕೊಳ್ಳುತ್ತಾರೆ. ಅಚ್ಚುಕೂಟದಲ್ಲಿ ಕರಡಚ್ಚು ತೆಗೆದು ತಿದ್ದುವುದಕ್ಕೆ ಕೊಡುವಂತೆ. ಪೈಥಾನ್ ಎಂಬ ಪ್ರಸಿದ್ಧ ಕ್ರಮವಿಧಿಭಾಷೆಯನ್ನು ನೋಡಿರಿ. 2020ರಿಂದ ಈಚೆಗೆ ಅದರ ಹೊಸ ಆವೃತ್ತಿ ವರ್ಷಕ್ಕೊಂದರಂತೆ ಅಕ್ಟೋಬರಿನಲ್ಲಿ ಹೊರಡುತ್ತದೆ. ಮೇ ತಿಂಗಳಿನಿಂದಲೇ ಬೀಟಾ ಪ್ರತಿಗಳು ದೊರೆಯುತ್ತವೆ. ಆ ಅವಧಿಯಲ್ಲಿ ಹೊಸದೇನನ್ನೂ ಸೇರಿಸುವುದಿಲ್ಲ, ಇದ್ದುದನ್ನು ತಿದ್ದುತ್ತಾರೆ. ಅಮೆರಿಕೆಯ ಡೊನಾಲ್ಡ್ ಕ್ನೂತ್ ಎಂಬ ವಿದ್ವಾಂಸರಂತೂ ತಮ್ಮ ಗ್ರಂಥಗಳಲ್ಲಿ ತಪ್ಪನ್ನು ಮೊದಲು ಹುಡುಕಿ ಕೊಟ್ಟವರಿಗೆ 2 ಡಾಲರ್ 56 ಸೆಂಟಿನ ಚೆಕ್ಕನ್ನು ಬರೆದು ಕಳುಹಿಸುವ ಪದ್ಧತಿಯನ್ನಿಟ್ಟರು. ಪಡೆದವರಲ್ಲಿ ಅನೇಕರು ಅದನ್ನು ಬ್ಯಾಂಕಿಗೆ ಕೊಡದೆ ಗೋಡೆಗೆ ತೂಗುಹಾಕಿಕೊಂಡರು. ತನ್ನ ತಪ್ಪನ್ನು ತೋರಿಸಿದವನಿಗೆ ಹಣ ಕೊಡುವ ಲೇಖಕರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೋ ಹೇಳಲಾರೆವು.

ನಮಗೆ ದೊರೆತ ಉಪಕರಣ ಇಷ್ಟು ಖ್ಯಾತವಾದುದಲ್ಲ. ಅದರ ಹೆಸರನ್ನೂ ಅದನ್ನು ಮಾಡಿದವರ ಹೆಸರನ್ನೂ ಇಲ್ಲಿ ಎತ್ತುವುದಿಲ್ಲ. ಮಕ್ಕಳು ಕ್ರಮವಿಧಿ ಕಲಿಯಲೆಂದು ಮಾಡಿದ್ದು. ಭಾರತದ ಭಾಷೆಗಳಲ್ಲಿಯೂ ಅಪ್ಪಣೆಗಳನ್ನು ಬರೆಯಬಹುದೆಂಬುದು ಅದರ ಹೆಗ್ಗಳಿಕೆ. ಈ ಆಸೆ ಹೊಸದಲ್ಲ. 1967ರಲ್ಲಿ ಅಮೆರಿಕೆಯಲ್ಲಿ ಮಕ್ಕಳಿಗಾಗಿ ಹುಟ್ಟಿದ ಲೋಗೋ ಎಂಬ ಭಾಷೆಯನ್ನು ಯು. ಬಿ. ಪವನಜ ಅವರು ಕನ್ನಡಕ್ಕೆ ತಂದಿದ್ದರು. ಪೈಥಾನಿನಲ್ಲಿಯೂ 2008ರ ಡಿಸೆಂಬರಿನಲ್ಲಿ ಹೊರಬಂದ ಮೂರನೆಯ ಆವೃತ್ತಿಯಿಂದ ಈಚೆಗೆ ಲೆಕ್ಕದ ಚರಗಳಿಗೆ ‘ಬಾಡಿಗೆ’, ‘ಮುಂಗಡ’ ಎಂದು ಕನ್ನಡದ ಹೆಸರುಗಳನ್ನೇ ಇಡಬಹುದು, ನಾವು ಇಟ್ಟಿದ್ದೇವೆ. ಆದರೂ ಅಪ್ಪಣೆಯ ಮಾತುಗಳೇ ಕನ್ನಡದಲ್ಲಿರುವ ಉಪಕರಣವೊಂದು ಕೈಗೆ ಬಂದಾಗ ನಮಗಾದ ಹಿಗ್ಗು ಸಾಮಾನ್ಯವಲ್ಲ.

ಆ ಹಿಗ್ಗಿನಲ್ಲಿ ಒಂದು ಮೂರ್ಖತನ ಮಾಡಿದೆವು. ಪ್ರತಿಯನ್ನು ತೆರೆಯುತ್ತಲೇ ಒಂದು ಎಚ್ಚರಿಕೆ ಕಾಣಿಸಿತು: ಇದು ಪ್ರಯೋಗಕ್ಕಾಗಿ ಮಾತ್ರ, ನಿಜವಾದ ಕೆಲಸಕ್ಕೆ ಬಳಸಬೇಡಿರಿ ಎಂದು. ಎಲ್ಲರೂ ಮಾಡುವಂತೆ ನಾವೂ ಅದನ್ನು ಓದದೆಯೇ ಒಪ್ಪಿದೆವು. ಮರುದಿನವೇ ಆಫೀಸಿನ ಟ್ರಿಪ್ ಶೀಟುಗಳನ್ನು ಅದರಲ್ಲಿ ಬರೆಯಲು ಹೊರಟೆವು. ಎಂಟು ದಿನ ಸೊಗಸಾಗಿ ನಡೆಯಿತು. ಒಂಬತ್ತನೆಯ ದಿನ ಎರಡನೆಯ ಪ್ರಯೋಗಪ್ರತಿ ತಾನಾಗಿ ಬಂದು ಕುಳಿತುಕೊಂಡಿತು. ಹಳೆಯ ಪ್ರತಿಯಲ್ಲಿ ಬರೆದ ಕಡತಗಳನ್ನು ತೆರೆಯಲೊಲ್ಲದು. ಎಂಟು ದಿನದ ಲೆಕ್ಕವನ್ನು ಡ್ರೈವರುಗಳ ಚೀಟಿಗಳಿಂದ ಮತ್ತೆ ಬರೆಯಬೇಕಾಯಿತು. ಎರಡು ಚೀಟಿ ಸಿಕ್ಕಲೇ ಇಲ್ಲ. ನಮ್ಮ ಯಜಮಾನರು ಬೈಯಲಿಲ್ಲ. “ಏನಯ್ಯಾ, ಲೋಡು ಹೊತ್ತ ಲಾರೀಲಿ ಯಾರಾದರೂ ಟ್ರಯಲ್ ನೋಡ್ತಾರಾ?” ಎಂದರು, ಅಷ್ಟೇ. ಬೈದಿದ್ದರೆ ಲೇಸಾಗುತ್ತಿತ್ತು. ಬಾಡಿ ಕಟ್ಟಿದ ಹೊಸ ಲಾರಿಯನ್ನು ಮೊದಲು ಖಾಲಿ ಓಡಿಸಿ ನೋಡುವುದು ಶಂಕಗಿರಿಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು.

ತಪ್ಪು ಅವರದೆನ್ನುವಂತಿಲ್ಲ; ಅವರು ಮೊದಲೇ ಹೇಳಿದ್ದರು. ಅಂದಿನಿಂದ ಉಪಕರಣವನ್ನು ಸಂಘದ ಹಿಂದಿನ ಕೋಣೆಯ ಹಳೆಯ ಗಣಕಯಂತ್ರಕ್ಕೆ ಸಾಗಿಸಿ, ರಜೆಯಲ್ಲಿದ್ದ ಏಳೆಂಟು ಮಕ್ಕಳಿಗೆ ಸಂಜೆಯ ಪಾಠವಾಗಿ ಮಾಡಿದೆವು. ಈ ಮಕ್ಕಳ ಸ್ಥಿತಿ ತಮಗೆ ಗೊತ್ತಿದೆ: ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪಾಠದ ಪುಸ್ತಕದಲ್ಲಿ ಬಹುಮಟ್ಟಿಗೆ ಇಂಗ್ಲಿಷು. ಕನ್ನಡವೆಂದರೆ ಅಜ್ಜಿಯೊಡನೆ ಆಡುವ ಮಾತು, ಹಬ್ಬದಲ್ಲಿ ಕೇಳುವ ಹಾಡು, ವಾರಕ್ಕೊಮ್ಮೆ ಸಂಘದಲ್ಲಿ ತಿದ್ದುವ ಅಕ್ಷರ. ಯಂತ್ರಕ್ಕೂ ಕನ್ನಡಕ್ಕೂ ಸಂಬಂಧವಿರಬಹುದೆಂದು ಅವರು ಎಣಿಸಿಯೇ ಇರಲಿಲ್ಲ. ತಾವು ಕನ್ನಡದಲ್ಲಿ ಬರೆದ ಅಪ್ಪಣೆಗೆ ಯಂತ್ರವು ಓಗೊಟ್ಟ ಮೊದಲ ಸಂಜೆ ಅವರ ಮುಖವನ್ನು ತಾವು ನೋಡಬೇಕಾಗಿತ್ತು.

ನಾಲ್ಕನೆಯ ಸಂಜೆ ಒಂದು ಸಣ್ಣ ಅಭ್ಯಾಸ ಕೊಟ್ಟೆವು. ಒಂದು ಪದವನ್ನು ಹಿಂದುಮುಂದಾಗಿ ಬರೆಯಿಸುವುದು. ಎರಡು ಕಡೆಯಿಂದಲೂ ಒಂದೇ ಆದರೆ ‘ಹೌದು’, ಇಲ್ಲವಾದರೆ ‘ಅಲ್ಲ’ ಎನ್ನಿಸುವುದು. ಕ್ರಮವಿಧಿ ಕಲಿಯುವವರೆಲ್ಲರೂ ಮಾಡುವ ಪಾಠವಿದು. ‘ಕನಕ’ ಎಂದು ಕೊಟ್ಟರು; ಹೌದು ಎಂದಿತು. ಎಂಟನೆಯ ತರಗತಿಯ ಒಬ್ಬ ಬಾಲಕಿ ‘ವಿಕಟಕವಿ’ ಎಂದು ಕೊಟ್ಟಳು. ಅಲ್ಲ ಎಂದಿತು.

ಆ ಪದವನ್ನು ಅವಳಿಗೆ ಹೇಳಿಕೊಟ್ಟವರು ಅವಳ ಅಜ್ಜಿ. ತೆನಾಲಿ ರಾಮಕೃಷ್ಣನ ಕಥೆ ಹೇಳುತ್ತ ವಿ, ಕ, ಟ, ಕ, ವಿ ಎಂದು ಐದು ಬೆರಳುಗಳ ಮೇಲೆ ಎಣಿಸಿ, ಹೆಬ್ಬೆರಳಿನಿಂದ ಬಂದರೂ ಕಿರುಬೆರಳಿನಿಂದ ಬಂದರೂ ಒಂದೇ ಎಂದು ತೋರಿಸಿದ್ದರಂತೆ. ಬಾಲಕಿ ಮೂರು ಸಲ ಬರೆದು ನೋಡಿದಳು. ಮೂರು ಸಲವೂ ‘ಅಲ್ಲ’. ಕೊನೆಗೆ ನಮ್ಮ ಕಡೆಗೆ ತಿರುಗಿ, “ತಾತ, ಹಾಗಾದರೆ ಅಜ್ಜಿ ಹೇಳಿದ್ದು ತಪ್ಪಾ?” ಎಂದಳು. ಯಂತ್ರದಲ್ಲಿ ತಪ್ಪಿರಬಹುದೆಂಬ ಶಂಕೆ ಅವಳಿಗೆ ಹುಟ್ಟಲೇ ಇಲ್ಲ. ಎಂಟು ದಿನದ ಟ್ರಿಪ್ ಶೀಟು ಹೋದಾಗ ಆಗದ ಸಂಕಟ ನಮಗೆ ಆಗ ಆಯಿತು. ಅಜ್ಜಿಗೆ ಸುದ್ದಿ ಮುಟ್ಟಿದಾಗ ಅವರು, “ಹಾಗಾದರೆ ಅದಕ್ಕೆ ಓದೋಕ್ಕೆ ಬರಲ್ಲ, ಬಿಡು” ಎಂದರಂತೆ. ರೋಗದ ಮೂಲವನ್ನು ಆ ತಾಯಿ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ನಮಗೆ ಅದು ಹೊಳೆಯಲು ಎರಡು ರಾತ್ರಿ ಬೇಕಾಯಿತು.

ಸಂಗತಿ ಹೀಗಿದೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿ ಇದೆ. ಆ ಕೇರಿಯಲ್ಲಿ ‘ವ’ ಒಂದು ಮನೆ, ಅದಕ್ಕೆ ಹತ್ತುವ ಗುಡಿಸು ಇನ್ನೊಂದು ಮನೆ. ನಾವು ‘ವಿ’ ಎಂದು ಒಂದೇ ಅಕ್ಷರವಾಗಿ ಓದುವುದನ್ನು ಯಂತ್ರವು ಎರಡು ಸಂಕೇತಗಳಾಗಿ ಕೂಡಿಡುತ್ತದೆ. ಆದುದರಿಂದ ಅದರ ದೃಷ್ಟಿಯಲ್ಲಿ ‘ವಿಕಟಕವಿ’ ಐದಲ್ಲ, ಏಳು. ಆ ಏಳನ್ನು ಕಣ್ಣುಮುಚ್ಚಿ ತಿರುಗಿಸಿದರೆ ಗುಡಿಸು ಮುಂದೆ ಬಂದು ವ್ಯಂಜನ ಹಿಂದೆ ಬೀಳುತ್ತದೆ. ನಮ್ಮ ಊರಿನ ಹೆಸರನ್ನೇ ಕೊಟ್ಟು ನೋಡಿದೆವು. ರಿ, ಗಿ, ಕ, ಶಂ ಎಂದು ಬರಬೇಕಾದುದು, ಮೊದಲು ಆಸರೆಯಿಲ್ಲದ ಒಂದು ಒಂಟಿ ಗುಡಿಸು, ಆಮೇಲೆ ರಿ, ಗ, ಕಂ, ಶ ಎಂದು ಬಂದಿತು. ಗಿಯ ಗುಣಿತ ರಕಾರಕ್ಕೆ ಅಂಟಿತು. ಶಕಾರದ ಸೊನ್ನೆ ಕಕಾರಕ್ಕೆ ಹೋಯಿತು. ಉದ್ದವೆಷ್ಟು ಎಂದು ಕೇಳಿದರೆ ಆ ಉಪಕರಣ ಒಂದು ಕಡೆ 7 ಎಂದಿತು, ಕೆಳಗಿನ ಪಟ್ಟಿಯಲ್ಲಿ 21 ಎಂದು ತೋರಿಸಿತು. ಮಕ್ಕಳು ಬೆರಳು ಮಡಿಸಿ 4 ಎಂದರು. ಮೂರೂ ನಿಜವೇ: ಅಕ್ಷರ ನಾಲ್ಕು, ಸಂಕೇತ ಏಳು, ಒಂದೊಂದು ಸಂಕೇತವನ್ನು ಕೂಡಿಡಲು ಮೂರು ಬೈಟುಗಳಂತೆ ಇಪ್ಪತ್ತೊಂದು. ಆದರೆ ಮಗುವಿನ ಪಾಠಕ್ಕೆ ಬೇಕಾದುದು ಮೊದಲನೆಯದು.

ಇಂಗ್ಲಿಷಿನಲ್ಲಿ ಈ ತೊಡಕಿಲ್ಲ. ಅಲ್ಲಿ ಬರೆದ ಅಕ್ಷರ, ಎಣಿಸುವ ಅಕ್ಷರ, ಕೂಡಿಡುವ ಸಂಕೇತ ಮೂರೂ ಸಾಮಾನ್ಯವಾಗಿ ಒಂದೇ. ಆದುದರಿಂದ ಆ ಭಾಷೆಯಲ್ಲಿಯೇ ಪರೀಕ್ಷಿಸಿದವನಿಗೆ ಈ ದೋಷ ಜನ್ಮದಲ್ಲಿಯೂ ಕಾಣದು. ಕಾಣದ ದೋಷವನ್ನು ತಿದ್ದುವವರು ಯಾರು? ನಮ್ಮ ಕನ್ನಡ ಗಣಕಯಂತ್ರವನ್ನೇರಿದ ಚರಿತ್ರೆಯೆಲ್ಲ ಇಂತಹ ತೊಡಕುಗಳನ್ನು ಎದುರಿಗೇ ಕಂಡವರು ಬಿಡಿಸಿದ ಚರಿತ್ರೆ. ಕೆ. ಪಿ. ರಾವ್ ಅವರು ಕನ್ನಡದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ ಯಾರ ಹಂಗೂ ಇಲ್ಲದೆ ಬಳಸಿಕೊಳ್ಳಲು ಬಿಟ್ಟರು. ಕರ್ನಾಟಕ ಸರ್ಕಾರವು ಅದನ್ನೇ ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದನ್ನು ಊರೂರಿಗೆ ಒಯ್ದಿತು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂದಾಗ ಪರದೇಶದಲ್ಲಿದ್ದವರೂ ಊರಿಗೆ ಕನ್ನಡದಲ್ಲಿ ಕಾಗದ ಬರೆಯುವಂತಾಯಿತು.

ಇರಲಿ. ನಾವು ದೋಷವರದಿ ಬರೆದೆವು. ಅದಕ್ಕೊಂದು ಕ್ರಮವಿದೆ: ಏನು ಮಾಡಿದಿರಿ, ಏನಾಗುವುದೆಂದು ನಿರೀಕ್ಷಿಸಿದಿರಿ, ಏನಾಯಿತು. ಈ ಮೂರು ಅಲ್ಲದೆ ನಾಲ್ಕನೆಯದನ್ನು ಬರೆಯಬಾರದು. ನಾವು ನಾಲ್ಕನೆಯದನ್ನೇ ಎರಡು ಪುಟ ಬರೆದೆವು: ಕನ್ನಡದ ಪ್ರಾಚೀನತೆ, ಅದಕ್ಕೆ ಆಗುತ್ತಿರುವ ಅನ್ಯಾಯ, ಗಡಿನಾಡಿನ ಮಕ್ಕಳ ಭವಿಷ್ಯ, ಇತ್ಯಾದಿ. ನಾಲ್ಕು ದಿನಗಳ ಮೇಲೆ ಉತ್ತರ ಬಂದಿತು. ಇದು ದೋಷವಲ್ಲ, ಸಂಕೇತಗಳನ್ನು ಎಣಿಸುವುದೇ ನಮ್ಮ ನಿಯಮ ಎಂದು ಒಂದೇ ಸಾಲು ಬರೆದು ವರದಿಯನ್ನು ಮುಚ್ಚಿಬಿಟ್ಟಿದ್ದರು.

ನಾವು ಕೋಪದಿಂದ ಇನ್ನೆರಡು ಪುಟ ಬರೆಯುವವರಿದ್ದೆವು. ಬಾಲಕಿ ತಡೆದಳು. ಅವಳೇ ಒಂದು ಹಾಳೆಯಲ್ಲಿ ಮೂರು ಅಂಕಣ ಗೆರೆ ಎಳೆದು, ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ತಿರುಗಿಸಿದರೆ ಬರಬೇಕಾದುದು, ಮೂರನೆಯದರಲ್ಲಿ ಬಂದುದು ಎಂದು ಹನ್ನೆರಡು ಪದಗಳನ್ನು ಬರೆದಳು. ವಿಕಟಕವಿ, ಶಂಕಗಿರಿ, ಸಮಾಸ, ನವಜೀವನ, ಕುಟುಕು, ಹೀಗೆ. ಕೆಳಗೆ ಒಂದೇ ವಾಕ್ಯ: ಕನ್ನಡ ಓದಲು ಬರುವ ಯಾವ ಮಗುವೂ ಮೂರನೆಯ ಅಂಕಣವನ್ನು ಓದಲಾರದು. ನಾವು ಅದನ್ನು ಇಂಗ್ಲಿಷಿಗೆ ತಿರುಗಿಸಿ, ಅವಳ ಹಾಳೆಯ ಚಿತ್ರವನ್ನೂ ಜೊತೆಗಿಟ್ಟು ಕಳುಹಿಸಿದೆವು. ವರದಿಯನ್ನು ಮತ್ತೆ ತೆರೆದರು. ಜುಲೈ ತಿಂಗಳಲ್ಲಿ ಬಂದ ನಾಲ್ಕನೆಯ ಪ್ರಯೋಗಪ್ರತಿಯಲ್ಲಿ ವಿಕಟಕವಿ ‘ಹೌದು’ ಆಯಿತು. ಶಂಕಗಿರಿಯ ಉದ್ದ ನಾಲ್ಕಾಯಿತು. ಆ ಸಂಜೆ ಬಾಲಕಿಯ ಮನೆಯಿಂದ ಒಂದು ಡಬ್ಬಿ ಕಜ್ಜಾಯ ಬಂದಿತ್ತೆಂಬುದನ್ನು ಇಲ್ಲಿ ದಾಖಲಿಸುವುದು ನಮ್ಮ ಕರ್ತವ್ಯ.

ಎಲ್ಲ ತೊಡಕೂ ದೋಷವಲ್ಲವೆಂಬುದನ್ನೂ ಇದೇ ಕೆಲಸ ನಮಗೆ ಕಲಿಸಿತು. ‘ಗಿ’ಯ ಮುಂದೆ ನಿಂತು ಅಳಿಸುವ ಕೀಲಿಯನ್ನು ಒತ್ತಿದರೆ ಗುಡಿಸು ಮಾತ್ರ ಹೋಗಿ ‘ಗ’ ಉಳಿಯುತ್ತದೆ. ನಾವು ಇದನ್ನೂ ಪಟ್ಟಿಗೆ ಸೇರಿಸಿದ್ದೆವು. ಮಕ್ಕಳು ಒಪ್ಪಲಿಲ್ಲ. ಗುಣಿತ ತಪ್ಪಿದಾಗ ಅಕ್ಷರವನ್ನೇ ಮತ್ತೆ ಬರೆಯಬೇಕಾಗಿಲ್ಲ, ಇದು ಇರಲಿ ಎಂದರು. ತೆಗೆದುಹಾಕಿದೆವು.

ಕಥೆ ಇಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಮರುದಿನ ಒಬ್ಬ ಹುಡುಗ ‘ಕನ್ನಡ’ ಎಂಬ ಪದವನ್ನೇ ಕೊಟ್ಟು ಉದ್ದ ಕೇಳಿದನು. 4 ಎಂದಿತು. ಕ, ನ್ನ, ಡ, ಮೂರಲ್ಲವೆ? ಹಿಂದಿನ ಪ್ರತಿಯಲ್ಲಿ 5 ಎನ್ನುತ್ತಿತ್ತು; ಈಗ ಒಂದು ಇಳಿದಿದೆ, ಇನ್ನೂ ಒಂದು ಹೆಚ್ಚಾಗಿದೆ. ನಮ್ಮ ಸಂಘದ ಹಿರಿಯರೊಬ್ಬರು, ಛಂದಸ್ಸು ಬಲ್ಲವರು, ಅಲ್ಲಿಯೇ ಕುಳಿತಿದ್ದರು. “ಸರಿಯಾಗಿಯೇ ಇದೆ. ಒತ್ತಿನ ಹಿಂದಿನ ಅಕ್ಷರ ಗುರು, ಉಳಿದೆರಡು ಲಘು, ನಾಲ್ಕು ಮಾತ್ರೆ” ಎಂದು ಯಂತ್ರವನ್ನು ಮೆಚ್ಚಿಕೊಂಡರು. ಯಂತ್ರಕ್ಕೆ ಅಷ್ಟು ವಿದ್ವತ್ತಿದ್ದಿದ್ದರೆ ನಮಗೆ ಬೇರೇನು ಬೇಕಾಗಿತ್ತು! ಅದು ಮಾಡಿದ್ದು ಬೇರೆ. ನಕಾರವನ್ನೂ ಅದರ ಹಲಂತವನ್ನೂ ಸೇರಿಸಿ ಒಂದು, ಒತ್ತಾಗಬೇಕಾದ ಇನ್ನೊಂದು ನಕಾರವನ್ನು ಬೇರೆ ಒಂದು ಎಂದು ಎಣಿಸಿತ್ತು. ಒತ್ತಕ್ಷರವನ್ನು ಅದು ನಡುವೆ ಕತ್ತರಿಸುತ್ತಿತ್ತು.

ಇದು ಆ ಉಪಕರಣ ಮಾಡಿದವರ ತಪ್ಪಲ್ಲವೆಂದು ವಿಚಾರಿಸಿದ ಮೇಲೆ ತಿಳಿಯಿತು. ಅವರು ಯೂನಿಕೋಡಿನ ನಿಯಮವನ್ನು ಅಕ್ಷರಶಃ ಅನುಸರಿಸಿದ್ದರು. 2023ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯೂನಿಕೋಡ್ 15.1ನೆಯ ಆವೃತ್ತಿಯಲ್ಲಿ ಒತ್ತಕ್ಷರವನ್ನು ಕತ್ತರಿಸಬಾರದೆಂಬ ಒಂದು ಹೊಸ ನಿಯಮ ಸೇರಿತು. ಆ ನಿಯಮಕ್ಕೆ ಒಳಪಟ್ಟ ಲಿಪಿಗಳು ಆರು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ. ತಮಿಳು ಅದರಲ್ಲಿಲ್ಲ, ಅಲ್ಲಿ ಪುಳ್ಳಿ ಇಟ್ಟು ಬಿಡಿಸಿ ಬರೆಯುವುದೇ ಪದ್ಧತಿಯಾದುದರಿಂದ ಇದು ದೊಡ್ಡ ಕೊರತೆಯಲ್ಲ. ಕನ್ನಡವೂ ಅದರಲ್ಲಿರಲಿಲ್ಲ. ತೆಲುಗಿಗೂ ನಮಗೂ ಲಿಪಿಯಲ್ಲಿ ಇರುವ ನೆಂಟಸ್ತಿಕೆ ತಮಗೆ ತಿಳಿದದ್ದೇ. ಒತ್ತು ಕೆಳಗಿಡುವ ರೀತಿ ಇಬ್ಬರದೂ ಒಂದೇ. ಆ ನಿಯಮದಂತೆ ‘ಕನ್ನಡ’ ಎಂಬ ಪದವನ್ನು ತೆಲುಗು ಲಿಪಿಯಲ್ಲಿ ಬರೆದರೆ ಅಕ್ಷರ ಮೂರು, ಕನ್ನಡ ಲಿಪಿಯಲ್ಲಿ ಬರೆದರೆ ನಾಲ್ಕು. ಕೋಣೆಯಲ್ಲಿ ಎರಡನ್ನೂ ಬರೆದು ಪಕ್ಕಪಕ್ಕದಲ್ಲಿ ನೋಡಿದೆವು, ಹಾಗೆಯೇ ಬಂದಿತು.

ಇದನ್ನು ಯಾರದೋ ದ್ವೇಷವೆಂದು ಕೂಗುವ ಮನಸ್ಸು ನಮಗಿಲ್ಲ. ಆ ಎರಡು ಪುಟಗಳ ಪಾಠ ಒಂದೇ ಸಲಕ್ಕೆ ಸಾಕಾಯಿತು. ಯೂನಿಕೋಡಿನ ಪ್ರತಿಯೊಂದು ಆವೃತ್ತಿಯನ್ನೂ ಪ್ರಕಟಿಸುವ ಮೊದಲು ಅದರ ಕರಡನ್ನು, ಅಲ್ಲಿಯೂ ಬೀಟಾ ಎಂದೇ ಹೆಸರು, ಸಾರ್ವಜನಿಕರ ಪರಿಶೀಲನೆಗೆ ಇಡುತ್ತಾರೆ. ಯಾರು ಬೇಕಾದರೂ ಅಭಿಪ್ರಾಯ ಕಳುಹಿಸಬಹುದು. ವಿದ್ವಾಂಸರೇ ಆಗಿರಬೇಕೆಂಬ ಕಟ್ಟಳೆಯಿಲ್ಲ, ಶುಲ್ಕವಿಲ್ಲ. ಆ ತಿಂಗಳುಗಳಲ್ಲಿ ನಾವು ಇಲ್ಲಿ ರಾಜ್ಯೋತ್ಸವದ ಪೆಂಡಾಲಿಗೆ ಬಣ್ಣ ಯಾವುದೆಂದು ಚರ್ಚಿಸುತ್ತಿದ್ದೆವು. ಪೆಂಡಾಲು ಬೇಡವೆನ್ನುವುದಿಲ್ಲ. ಸಾವಿರಾರು ಮೈಲಿಯಾಚೆಯ ಕರಡೊಂದು ನಮ್ಮ ಹಿಂದಿನ ಕೋಣೆಯ ಮಗುವಿನ ಅಭ್ಯಾಸಪುಸ್ತಕದವರೆಗೆ ಬಂದು ಮುಟ್ಟುತ್ತದೆಂಬುದು ನಮಗೆ ತಿಳಿದೇ ಇರಲಿಲ್ಲ.

ಬಾಲಕಿ ಈಗ ಎರಡನೆಯ ಪಟ್ಟಿಯನ್ನು ಮಾಡಿದ್ದಾಳೆ. ಈ ಸಲ ಎಲ್ಲವೂ ಒತ್ತಕ್ಷರದ ಪದಗಳು: ಅಕ್ಕ, ಅಮ್ಮ, ಮಗ್ಗ, ಹೊಕ್ಕು, ಕಜ್ಜಾಯ, ಸ್ತ್ರೀ. ಒಂದೊಂದರ ಮುಂದೆ ನಮ್ಮ ಎಣಿಕೆ, ಯಂತ್ರದ ಎಣಿಕೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಯಂತ್ರವು ಮೂರು ಎನ್ನುತ್ತದೆ. ಇವನ್ನು ಒಂದು ಪ್ರತಿ ಉಪಕರಣದವರಿಗೂ ಒಂದು ಪ್ರತಿ ಯೂನಿಕೋಡಿನವರಿಗೂ ಕಳುಹಿಸುವುದೆಂದು ತೀರ್ಮಾನವಾಗಿದೆ. ಇಂಗ್ಲಿಷಿನ ಭಾಗವನ್ನು ತಿದ್ದಿಕೊಡಲು ಸಭೆಯಲ್ಲಿರುವ ಕಾಲೇಜಿನ ಯುವಕರಲ್ಲಿ ಯಾರಾದರೂ ಮುಂದೆ ಬಂದರೆ ಉಪಕಾರವಾಗುತ್ತದೆ. ನಮ್ಮ ಇಂಗ್ಲಿಷು ಲಾರಿ ಬಾಡಿಗೆಯ ರಸೀತಿಗೆ ಸಾಲುವಷ್ಟೇ.

ಪಟ್ಟಿಗೆ ಇನ್ನೂ ಪದಗಳು ಬೇಕು. ಪುಸ್ತಕದ ಪದಗಳನ್ನು ನಾವು ಹುಡುಕಿಕೊಳ್ಳುತ್ತೇವೆ. ಮಗ್ಗದ ಮನೆಯವು, ಅಡುಗೆಮನೆಯವು, ಈ ಸೀಮೆಯ ನಾಲಗೆಯ ಮೇಲೆ ಮಾತ್ರ ಉಳಿದಿರುವುವು ತಮ್ಮಲ್ಲಿ ಇವೆ. ತಾಯಂದಿರು ಒಂದು ಚೀಟಿಯಲ್ಲಿ ಬರೆದೋ ಮಕ್ಕಳ ಬಾಯಲ್ಲಿ ಹೇಳಿಕಳುಹಿಸಿಯೋ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ಹಿಂದಿನ ಕೋಣೆ ತೆರೆದಿರುತ್ತದೆ. ವಿದ್ಯುತ್ತು ಇದ್ದರೆ.

ನೆನ್ನೆ ರಾತ್ರಿ ಇನ್ನೊಂದು ಪ್ರಯೋಗಪ್ರತಿ ಬಂದಿದೆ. ನಾವಿನ್ನೂ ತೆರೆದು ನೋಡಿಲ್ಲ. ತಾನಿಲ್ಲದೆ ತೆರೆಯಕೂಡದೆಂದು ಆ ಬಾಲಕಿಯ ಅಪ್ಪಣೆಯಾಗಿದೆ. ಅಗೋ, ಬಾಗಿಲ ಬಳಿ ಪಟ್ಟಿ ಹಿಡಿದು ನಿಂತಿದ್ದಾಳೆ.